ಹೈದರಾಲಿ ಅನ್ನೋ ಕುದುರೆ

1872ರಲ್ಲಿ ಅಮೆರಿಕದಲ್ಲಿ ಒಂದು ಗಂಡು ಕುದುರೆಮರಿ ಹುಟ್ಟಿತು. ಅದರ ಅಪ್ಪನ ಹೆಸರು ಲೀಮಿಂಗ್‌ಟನ್, ಅಮ್ಮನ ಹೆಸರು ಲೇಡಿ ಡ್ಯೂಕ್. ಮಗನಿಗೆ ಇಟ್ಟ ಹೆಸರು ಹೈದರ್ ಅಲಿ. ತಮಾಷೆಗೆ ಹೇಳ್ತಿಲ್ಲ, ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯೇ.

ಈ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಒಂದು ಶನಿವಾರ ರಾತ್ರಿ. ನಾಗಮಂಗಲದ ಕಡೆಯ ನಮ್ಮೂರಿಗೆ ಬೆಂಗಳೂರಿನಿಂದ ಹೋಗುವಾಗ ಪ್ರತಿ ಸಲ ಕುಣಿಗಲ್ ದಾಟಬೇಕು. ಕುಣಿಗಲ್ಲಿನಲ್ಲಿ ಒಂದು ಸ್ಟಡ್ ಫಾರ್ಮ್ ಇದೆ, ರೇಸ್ ಕುದುರೆ ಸಾಕುವ ಜಾಗ, ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳು ಅಲ್ಲಿದ್ದವು ಅನ್ನೋದು ಚಿಕ್ಕಂದಿನಿಂದ ಕೇಳಿದ ಮಾತು. ಬೈಪಾಸ್ ಆದಮೇಲೆ ಆ ಕಡೆ ತಿರುಗಿ ನೋಡೋದನ್ನೂ ಬಿಟ್ಟಿದ್ದೆ. ಆ ಸಲ ಮಾತ್ರ ಯಾಕೋ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಟಿಪ್ಪುವಿನ ಲಾಯದಲ್ಲಿದ್ದ ಸಾವಿರಾರು ಕುದುರೆಗಳು ಎಲ್ಲಿಗೆ ಹೋದವು? ಅವುಗಳ ಮರಿ, ಮೊಮ್ಮರಿಗಳು ಎಲ್ಲಿವೆ?

ರೇಸ್ ಕುದುರೆಗಳ ವಂಶಾವಳಿ ನೋಡೋಕೆ ಶುರು ಮಾಡಿದ್ದು ಹಾಗೆ. ಉತ್ತರ ಸಿಗಲಿಲ್ಲ. ಆದರೆ ಹುಡುಕಾಟದಲ್ಲಿ ಬೇರೇನೋ ಸಿಕ್ಕಿತು. ಅದನ್ನ ಹೇಳೋಕೆ ಎರಡು ಮೇ 4ರಿಂದ ಶುರು ಮಾಡಬೇಕು.

*

ಒಂದು ಮೇ 4 ನಮಗೆಲ್ಲ ಗೊತ್ತು. 1799ರ ಮೇ 4, ಶನಿವಾರ, ಶ್ರೀರಂಗಪಟ್ಟಣದ ಕೋಟೆ ಒಡೆದ ದಿನ. ಕೋಟೆಯ ದಿಡ್ಡಿ ಬಾಗಿಲ ಹತ್ತಿರ ಟಿಪ್ಪು ಏರಿದ್ದ ಕುದುರೆಗೂ ಗುಂಡು ಬಿದ್ದು ಅದು ಅವನ ಕೆಳಗೇ ಕುಸಿಯಿತು ಅಂತ ಬ್ರಿಟಿಷರ ವರದಿಗಳು ಹೇಳುತ್ತವೆ. ಒಡೆಯನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಕುದುರೆಯ ಅಪ್ಪ ಯಾರು, ಅಮ್ಮ ಯಾರು, ಯಾವ ಊರಿನಿಂದ ಬಂತು ಅನ್ನೋದು ನಾನು ಓದಿದ ಒಂದರಲ್ಲೂ ಇಲ್ಲ.

ಇನ್ನೊಂದು ಮೇ 4 ಅದಕ್ಕೂ 19 ವರ್ಷ ಹಿಂದಿನದು. 1780ರ ಮೇ 4ರಂದು ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಮೊಟ್ಟಮೊದಲ ಡರ್ಬಿ ಓಡಿಸಿದರು. ಇವತ್ತು ಬೆಂಗಳೂರು ಡರ್ಬಿ, ಕೆಂಟಕಿ ಡರ್ಬಿ ಅಂತ ಎಷ್ಟು ಡರ್ಬಿಗಳಿವೆಯೋ ಅವೆಲ್ಲಕ್ಕೂ ಮೂಲ ಅದು. ಗೆದ್ದದ್ದು ಸರ್ ಚಾರ್ಲ್ಸ್ ಬನ್ಬರಿ ಎಂಬುವನ ಡಯೋಮೆಡ್ ಎಂಬ ಕೆಂಚು ಕುದುರೆ.

ಡಯೋಮೆಡ್‌ನ ಮುಂದಿನ ಕತೆ ಅಷ್ಟು ಚೆನ್ನಾಗಿಲ್ಲ. ಒಂದೆರಡು ವರ್ಷ ಗೆದ್ದ ಮೇಲೆ ಸೋಲುತ್ತಾ ಬಂತು. ಬೀಜಕ್ಕೆ ಅಂತ ಬಿಟ್ಟರು. ಹುಟ್ಟಿದ ಮರಿಗಳು ಹೆಸರು ಮಾಡಲಿಲ್ಲ. ಒಂದು ಹೆಣ್ಣು ಕುದುರೆಗೆ ಹಾಯಿಸೋ ದರ ಕೊನೆಗೆ 2 ಗಿನಿಗೆ ಇಳಿಯಿತು. ‘ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು’ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಹಾಗೇ ಆಗಬೇಕಿತ್ತು. 1798ರಲ್ಲಿ, 21ನೇ ವಯಸ್ಸಿನಲ್ಲಿ, 50 ಗಿನಿಗೆ ಅದನ್ನ ಮಾರಿದರು. ಕೊಂಡವನು ಅಮೆರಿಕದ ವರ್ಜೀನಿಯಾದ ಜಾನ್ ಹೂಮ್ಸ್. ಇಂಗ್ಲೆಂಡಿನವರು ಆ ಕುದುರೆ ಕೆಲಸಕ್ಕೆ ಬಾರದ್ದು ಅಂತ ತೀರ್ಮಾನಿಸಿಯಾಗಿತ್ತು. 21 ವರ್ಷದ ಕುದುರೆ ಅಂದರೆ ನಮ್ಮ ಲೆಕ್ಕದಲ್ಲಿ ಪಿಂಚಣಿ ತಗೊಳ್ಳೋ ವಯಸ್ಸು. ಅದನ್ನ ಹಡಗಿಗೆ ಹತ್ತಿಸಿ ಅಟ್ಲಾಂಟಿಕ್ ದಾಟಿಸಿದರು.

ವರ್ಜೀನಿಯಾದವರು ಹುಚ್ಚರೇನಲ್ಲ. ಅವರಿಗೆ ಹೊಸ ರಕ್ತ ಬೇಕಿತ್ತು. ಅಲ್ಲಿಗೆ ಬಂದ ಮೊದಲ ಥರೋಬ್ರೆಡ್ ಅನ್ನಿಸಿಕೊಂಡ ಬುಲ್ ರಾಕ್ ಕಾಲಿಟ್ಟದ್ದು 1730ರಲ್ಲಿ. ಮೊದಮೊದಲು ಅವರ ಪಂದ್ಯ ಅಂದರೆ ಕಾಲು ಮೈಲಿಯ ನೆಗೆತ, ಎರಡು ಕುದುರೆ, ಒಂದು ಕಾಡುದಾರಿ, ಅಷ್ಟೇ. ಆಮೇಲೆ ಇಂಗ್ಲೆಂಡಿನ ಥರ ನಾಲ್ಕು ನಾಲ್ಕು ಮೈಲಿ ಓಡಿಸೋ ಆಸೆ ಬಂತು. 1764ರಲ್ಲಿ ಜಾನ್ ಬೇಯ್ಲರ್ ತರಿಸಿದ ಫಿಯರ್‌ನಾಟ್ ಎಂಬ ಕುದುರೆ ಆ ದಮ್ಮನ್ನು ಅಲ್ಲಿನ ತಳಿಗೆ ಕೊಟ್ಟಿತು. ವಸಾಹತು ಕಾಲದ ವರ್ಜೀನಿಯಾದಲ್ಲಿ ಫಿಯರ್‌ನಾಟ್‌ನ ಮರಿ ಅಂದರೆ ಅದೇ ಒಂದು ಸರ್ಟಿಫಿಕೇಟ್. ಅಷ್ಟರಲ್ಲಿ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಬಂತು, ಕುದುರೆಗಳು ಯುದ್ಧಕ್ಕೆ ಹೋದವು, ತಳಿ ಹಾಳಾಯಿತು. ಯುದ್ಧ ಮುಗಿದ ಮೇಲೆ ಶುರುವಾದ ಖರೀದಿಯಲ್ಲಿ ಸಿಕ್ಕಿದ ಹಳೇ ಮಾಲೇ ಡಯೋಮೆಡ್.

ಆ ಹಳೇ ಮಾಲು ಇನ್ನೂ 10 ವರ್ಷ ಬದುಕಿತು. 1805ರಲ್ಲಿ ಅದಕ್ಕೆ ಸರ್ ಆರ್ಚಿ ಎಂಬ ಮಗ ಹುಟ್ಟಿದ. ಸರ್ ಆರ್ಚಿಯ ಮಗ ಟಿಮೋಲಿಯನ್, ಅವನ ಮಗ ಬಾಸ್ಟನ್, ಅವನ ಮಗ ಲೆಕ್ಸಿಂಗ್‌ಟನ್. ಈ ಲೆಕ್ಸಿಂಗ್‌ಟನ್ 16 ವರ್ಷ ಅಮೆರಿಕದ ನಂಬರ್ ಒನ್ ಬೀಜದ ಕುದುರೆ. ಮೊದಲಲ್ಲಿ ಹೇಳಿದ ಲೇಡಿ ಡ್ಯೂಕ್ ಇವನ ಮಗಳು. ಅಂದರೆ ಅಮೆರಿಕದ ‘ಹೈದರ್ ಅಲಿ’, ಇಂಗ್ಲೆಂಡಿನಲ್ಲಿ ಬೇಡವಾಗಿದ್ದ ಡಯೋಮೆಡ್‌ನ ಆರನೇ ತಲೆಮಾರಿನವನು. ಇಷ್ಟೂ ಬರೆದಿಟ್ಟಿದ್ದಾರೆ.

*

ಈಗ ನಮ್ಮ ಕಡೆ ಬರೋಣ.

ಕನ್ನಡನಾಡಿನ ರಾಜರಿಗೆ ಕುದುರೆ ಯಾವತ್ತೂ ತಲೆನೋವೇ. ನಮ್ಮ ಹವೆ, ನಮ್ಮ ಹುಲ್ಲು ಕುದುರೆಗೆ ಅಷ್ಟಾಗಿ ಒಗ್ಗಲಿಲ್ಲ. ವಿಜಯನಗರದ ಕಾಲದಿಂದಲೂ ಒಳ್ಳೆ ಕುದುರೆ ಅಂದರೆ ಅರೇಬಿಯಾ, ಪರ್ಷಿಯಾದ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಇಳಿಯಬೇಕು, ಅಲ್ಲಿಂದ ಘಟ್ಟ ಹತ್ತಬೇಕು. ಟಿಪ್ಪು ಮಂಗಳೂರಿನ ಮೇಲೆ ಅಷ್ಟು ಕಣ್ಣಿಟ್ಟದ್ದಕ್ಕೂ, ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟದ್ದಕ್ಕೂ ಇದ್ದ ಹಲವು ಕಾರಣಗಳಲ್ಲಿ ಆ ಸಮುದ್ರದಾರಿಯೂ ಒಂದು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಇಂಗ್ಲೆಂಡಿನ ಥರೋಬ್ರೆಡ್‌ಗಳ ಗಂಡು ವಂಶವೆಲ್ಲ ಮೂರೇ ಮೂರು ಕುದುರೆಗಳಿಗೆ ಹೋಗಿ ನಿಲ್ಲುತ್ತೆ: ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಹೆಸರೇ ಹೇಳುವ ಹಾಗೆ ಮೂರೂ ಪೂರ್ವದೇಶದವು. ಡಾರ್ಲಿ ಅರೇಬಿಯನ್ ಸಿರಿಯಾದ ಅಲೆಪ್ಪೊದಲ್ಲಿ ಕೊಂಡದ್ದು. ಇಂಗ್ಲೆಂಡಿನ ಲಾಯಕ್ಕೆ ಹೋದ ಕುದುರೆಗೂ ಶ್ರೀರಂಗಪಟ್ಟಣದ ಲಾಯಕ್ಕೆ ಬಂದ ಕುದುರೆಗೂ ತವರು ಹೆಚ್ಚುಕಮ್ಮಿ ಒಂದೇ. ಒಂದು ಪಶ್ಚಿಮಕ್ಕೆ ಹೋಯಿತು, ಇನ್ನೊಂದು ಪೂರ್ವಕ್ಕೆ ಬಂತು.

ಬಂದ ಕುದುರೆ ತಿಂದದ್ದು ಮಾತ್ರ ನಮ್ಮ ನೆಲದ್ದು. ಹುರುಳಿಗೆ ಇಂಗ್ಲಿಷರು ‘ಕುದುರೆ ಕಾಳು’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕೆ.ಆರ್. ಪೇಟೆ, ನಾಗಮಂಗಲದ ಬೆದ್ದಲು ಹೊಲದಲ್ಲಿ ಬೆಳೆಯೋ ಹುರುಳಿ ಬೇಯಿಸಿದರೆ ಕಾಳು ಕುದುರೆಗೂ ಎತ್ತಿಗೂ, ಬಸಿದ ಕಟ್ಟಿನ ಸಾರು ನಮಗೂ. ವೀಕೆಂಡ್‌ನಲ್ಲಿ ಮಂಡ್ಯ ಶೈಲಿಯ ಹೋಟೆಲ್ಲಿಗೆ ಹೋಗಿ ಮುದ್ದೆ ಜೊತೆ ಹುರುಳಿ ಕಟ್ಟಿನ ಸಾರು ಹಾಕಿಸಿಕೊಳ್ಳೋರು ಇದನ್ನೊಮ್ಮೆ ನೆನೆಸಿಕೊಳ್ಳಬಹುದು.

ಸೈನ್ಯದಲ್ಲಿ ರಾವುತರು ಎರಡು ಥರ. ಬಾರಗೀರ ಅಂದರೆ ಸರ್ಕಾರದ ಕುದುರೆ ಏರಿ ಸಂಬಳ ತಗೊಳ್ಳೋನು. ಸಿಲೇದಾರ ಅಂದರೆ ತನ್ನದೇ ಕುದುರೆ ತಂದು ಕೆಲಸಕ್ಕೆ ಸೇರೋನು. ಕಂಪನಿ ಕಾರು ಓಡಿಸೋ ಡ್ರೈವರಿಗೂ, ಸ್ವಂತ ಬೈಕ್ ಇಟ್ಟುಕೊಂಡು ಡೆಲಿವರಿ ಮಾಡೋ ಹುಡುಗನಿಗೂ ಇರೋ ವ್ಯತ್ಯಾಸ ನೆನೆಸಿಕೊಳ್ಳಿ. ಬೈಕ್ ಹೋದರೆ ಆ ಹುಡುಗನ ದುಡಿಮೆ ಹೋಯಿತು, ಕುದುರೆ ಸತ್ತರೆ ಸಿಲೇದಾರನ ಬದುಕು ಹೋಯಿತು. ಯುದ್ಧದಲ್ಲಿ ಅವನು ಕುದುರೆಯನ್ನ ಜೋಪಾನ ಮಾಡಿದ್ದನ್ನ ಹೇಡಿತನ ಅಂತ ಬರೆದ ಸಾಹೇಬರು ಆ ಲೆಕ್ಕ ನೋಡಲಿಲ್ಲ.

ಕುದುರೆ ಕಮ್ಮಿ ಆದರೆ ಏನಾಗುತ್ತೆ ಅಂತ ಹೈದರನಿಗೆ ಚೆನ್ನಾಗಿ ಗೊತ್ತಾದ ಜಾಗ ನಮ್ಮ ಪಾಂಡವಪುರ ತಾಲ್ಲೂಕಿನಲ್ಲೇ ಇದೆ, ಚಿನಕುರಳಿ. 1771ರ ಮಾರ್ಚ್‌ನಲ್ಲಿ ಮೇಲುಕೋಟೆ ಕಡೆಯಿಂದ ರಾತ್ರೋರಾತ್ರಿ ಶ್ರೀರಂಗಪಟ್ಟಣಕ್ಕೆ ಹಿಂದಿರುಗುತ್ತಿದ್ದ ಅವನ ಸೈನ್ಯವನ್ನ ತ್ರಿಂಬಕರಾವ್‌ನ ಮರಾಠಾ ಕುದುರೆ ದಂಡು ಬೆನ್ನಟ್ಟಿ ಬಂದು ಚಿನಕುರಳಿ ಹತ್ತಿರ ಚೆಲ್ಲಾಪಿಲ್ಲಿ ಮಾಡಿತು. ಹೈದರ್ ತಾನು ಉಳಿದದ್ದೇ ಹೆಚ್ಚು. ಅಷ್ಟು ಪೆಟ್ಟು ತಿಂದವನು ಹತ್ತೇ ವರ್ಷದಲ್ಲಿ ಮದರಾಸಿನ ಕಂಪನಿಯವರು ಹೆದರಿ ಮಲಗೋ ಹಾಗೆ ಸವಾರರನ್ನ ಕಟ್ಟಿದ.

ಆ ಸುದ್ದಿ ಅಮೆರಿಕಕ್ಕೂ ಹೋಯಿತು. ಅವರಿಗೂ ಬ್ರಿಟಿಷರೇ ಶತ್ರು, ಮೈಸೂರಿಗೂ ಬ್ರಿಟಿಷರೇ ಶತ್ರು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ‘ಹೈದರ್ ಆಲಿ’ ಅಂತ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಕಪ್ತಾನ ಆ ಹಡಗಿನಲ್ಲಿ ಹೋಗಿ ತನಗಿಂತ ದೊಡ್ಡದಾದ ಬ್ರಿಟಿಷ್ ಹಡಗನ್ನ ಡೆಲವೇರ್ ಕೊಲ್ಲಿಯಲ್ಲಿ ಸೆರೆಹಿಡಿದ. ಹಡಗಾದ ಮೇಲೆ ಕುದುರೆ. 1788ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಮೆಸೆಂಜರ್ ಎಂಬ ಹೆಸರಾಂತ ಬೀಜದ ಕುದುರೆಯ ಒಬ್ಬ ಮಗನ ಹೆಸರು ‘ಟಿಪ್ಪೂ ಸಾಹಿಬ್’.

ಇತ್ತ ಏನಾಯಿತು ಗೊತ್ತಾ? 1798ರ ಡಿಸೆಂಬರಿನಲ್ಲಿ ಆಸ್ಟನ್ ಎಂಬ ಕರ್ನಲ್ ಇನ್ನೊಬ್ಬ ಅಧಿಕಾರಿಯ ಜೊತೆ ಪಿಸ್ತೂಲು ಹಿಡಿದು ಪಂಥ ಕಟ್ಟಿ ಸತ್ತ. ಸಾಯೋ ಮುಂಚೆ ತನ್ನ ಅರಬ್ಬಿ ಕುದುರೆಯನ್ನ ಗೆಳೆಯನಿಗೆ ಬಿಟ್ಟುಹೋದ. ಆ ಗೆಳೆಯ ಆರ್ಥರ್ ವೆಲ್ಲೆಸ್ಲಿ, ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸ ಮಾಡಿದವನು, ಮುಂದೆ ವೆಲ್ಲಿಂಗ್‌ಟನ್ ಡ್ಯೂಕ್ ಆದವನು. ಆ ಕುದುರೆಯ ಹೆಸರು ಡಯೋಮೆಡ್.

ಇದು ವರ್ಜೀನಿಯಾದ ಡಯೋಮೆಡ್ ಅಲ್ಲ, ಬೇರೆ ಕುದುರೆ. ಆದರೆ ಕಾಲ ಒಂದೇ. ವರ್ಜೀನಿಯಾದ ಡಯೋಮೆಡ್ ಹೊಸ ದೇಶದಲ್ಲಿ ಮರಿ ಹಾಕಿಸುತ್ತಿದ್ದಾಗ ಇನ್ನೊಂದು ಡಯೋಮೆಡ್ ಕಾವೇರಿ ದಂಡೆಯಲ್ಲಿ ಹುರುಳಿ ತಿನ್ನುತ್ತಿತ್ತು. 1803ರ ಸೆಪ್ಟೆಂಬರ್ 23ರಂದು ಅಸಾಯೆ ಯುದ್ಧದಲ್ಲಿ ಅದರ ಮೈಗೆ ಈಟಿ ಚುಚ್ಚಿತು, ಗಲಾಟೆಯಲ್ಲಿ ಶತ್ರುಗಳ ಪಾಲಾಯಿತು, ಆಮೇಲೆ ವೆಲ್ಲೆಸ್ಲಿಯ ಗೆಳೆಯ ಮಾಲ್ಕಮ್ ಅದನ್ನ ಹುಡುಕಿ ವಾಪಸ್ ಕೊಡಿಸಿದ. ಇಷ್ಟೂ ಬರೆದಿಟ್ಟಿದ್ದಾರೆ. ಅದೇ ದಂಡಯಾತ್ರೆಯಲ್ಲಿ ಪೂರ್ಣಯ್ಯ ಕಳಿಸಿದ ಮೈಸೂರು ಸಿಲೇದಾರರೂ ಸಾವಿರಾರು ಸಂಖ್ಯೆಯಲ್ಲಿದ್ದರು. ಅವರ ಕುದುರೆಗಳ ಲೆಕ್ಕ ಮಾತ್ರ ಸಿಗುತ್ತೆ. ಹೆಸರು ಸಿಗಲ್ಲ.

*

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಟಿಪ್ಪುವಿನ ಕುದುರೆಗಳ ರಕ್ತ ಅಳಿದುಹೋಯಿತು ಅಂತ ಹೇಳೋಕೆ ಬರಲ್ಲ. ಕುಣಿಗಲ್ಲಿನಲ್ಲಿ ಆಮೇಲೂ ಮೈಸೂರು ಸಿಲೇದಾರರಿಗೆ ಕುದುರೆ ಸಾಕುತ್ತಿದ್ದರು. ಅಲ್ಲಿನ ಯಾವುದೋ ಹೆಣ್ಣು ಕುದುರೆಯ ಮೈಯಲ್ಲಿ ಆ ರಕ್ತ ಹರಿದೇ ಇರಬಹುದು. ಆದರೆ ಅಪ್ಪ ಅಮ್ಮನ ಹೆಸರು ಬರೆದಿಡೋ ಪುಸ್ತಕ ಇರಲಿಲ್ಲ. ಪುಸ್ತಕ ಇಲ್ಲದ ಕಡೆ ರಕ್ತ ಇದ್ದರೂ ವಂಶ ಇಲ್ಲ.

ಇಂಗ್ಲೆಂಡಿನಲ್ಲಿ ಆ ಪುಸ್ತಕ ಶುರುವಾದದ್ದು 1791ರಲ್ಲಿ, ಹೆಸರು ಜನರಲ್ ಸ್ಟಡ್ ಬುಕ್. ವೆದರ್ಬಿ ಮನೆತನದವರು ಇಟ್ಟದ್ದು. ಯಾವ ಕುದುರೆ ಥರೋಬ್ರೆಡ್, ಯಾವುದು ಅಲ್ಲ ಅಂತ ತೀರ್ಮಾನ ಮಾಡೋದು ಕುದುರೆಯ ಕಾಲಲ್ಲ, ಆ ಪುಸ್ತಕ. ಇದರ ಬಿಸಿ ಅಮೆರಿಕದವರಿಗೂ ತಟ್ಟಿತು. 1913ರಲ್ಲಿ ಇಂಗ್ಲೆಂಡಿನವರು ಒಂದು ನಿಯಮ ತಂದರು: ಎಲ್ಲ ಕಡೆಯಿಂದಲೂ ಪುಸ್ತಕದಲ್ಲಿ ಮೂಲ ಸಿಗದ ಕುದುರೆಯನ್ನ ಸೇರಿಸಲ್ಲ. ಜರ್ಸಿ ಆ್ಯಕ್ಟ್ ಅಂತ ಕರೀತಾರೆ. ಅಮೆರಿಕದ ಹಳೇ ದಾಖಲೆಗಳು ಅಲ್ಲಲ್ಲಿ ಹರಿದುಹೋಗಿದ್ದರಿಂದ ಲೆಕ್ಸಿಂಗ್‌ಟನ್ ರಕ್ತ ಇದ್ದ ಕುದುರೆಗಳೆಲ್ಲ ಅಲ್ಲಿ ‘ಅರ್ಧ ತಳಿ’ ಅನ್ನಿಸಿಕೊಂಡವು. ಮರುವರ್ಷವೇ, 1914ರಲ್ಲಿ, ಅಂಥದೇ ಒಂದು ‘ಅರ್ಧ ತಳಿ’ ಎಪ್ಸಮ್ ಡರ್ಬಿ ಗೆದ್ದುಬಿಟ್ಟಿತು. ಅದರ ಹೆಸರು ದರ್ಬಾರ್. ಗೆದ್ದರೂ ಪುಸ್ತಕಕ್ಕೆ ಸೇರಿಸಲಿಲ್ಲ. ನಿಯಮ ಸಡಿಲವಾಗೋಕೆ 1949 ಬರಬೇಕಾಯಿತು.

ಅಮೆರಿಕದವರಿಗೆ ಹೀಗೆ ಅನ್ಯಾಯ ಆಯಿತು ಅನ್ನೋ ಹೊತ್ತಿಗೆ ಅವರ ಪುಸ್ತಕದಲ್ಲಿ ಯಾರ್ಯಾರ ಹೆಸರಿಲ್ಲ ಅಂತಲೂ ನೋಡಬೇಕು. ವರ್ಜೀನಿಯಾ, ಕೆಂಟಕಿಯ ಲಾಯಗಳಲ್ಲಿ ಕುದುರೆ ತಿಕ್ಕಿ ತೊಳೆದು, ಓಡಿಸಿ, ಪಳಗಿಸಿದ ಬಹುಪಾಲು ಜನ ಕಪ್ಪು ಗುಲಾಮರು. ಕುದುರೆಗೆ 10 ತಲೆಮಾರಿನ ಹೆಸರಿದೆ, ಅದರ ಕಾಸದಾರನಿಗೆ ಅಪ್ಪನ ಹೆಸರೂ ಇಲ್ಲ. ಲೆಕ್ಸಿಂಗ್‌ಟನ್‌ನ ಜೊತೆಗಿದ್ದ ಒಬ್ಬ ಕಾಸದಾರನ ಹೆಸರು ಜ್ಯಾರೆಟ್ ಅಂತ ಗೊತ್ತಾಗೋದು ಒಂದು ಚಿತ್ರದ ವಿವರಣೆಯಿಂದ. 1875ರಲ್ಲಿ ಮೊದಲ ಕೆಂಟಕಿ ಡರ್ಬಿ ನಡೆದಾಗ 15 ಜಾಕಿಗಳಲ್ಲಿ 13 ಜನ ಕಪ್ಪು ವರ್ಣದವರು. ಗೆದ್ದ ಆಲಿವರ್ ಲೂಯಿಸ್ ಕೂಡ ಅವರಲ್ಲೊಬ್ಬ. ಅವನು ಏರಿದ್ದ ಅರಿಸ್ಟೈಡೀಸ್ ಇದೇ ಲೀಮಿಂಗ್‌ಟನ್‌ನ ಮಗ, ‘ಹೈದರ್ ಅಲಿ’ಯ ಅಣ್ಣತಮ್ಮ ವರಸೆ. ಮುಂದೆ ಕೆಲವೇ ದಶಕಗಳಲ್ಲಿ ಅವರನ್ನ ರೇಸಿನಿಂದಲೇ ಹೊರಗೆ ಹಾಕಿದರು. ಪುಸ್ತಕ ಯಾರ ಕೈಯಲ್ಲಿರುತ್ತೋ ಅವರ ಕಡೆಯವರು ಮಾತ್ರ ಅದರಲ್ಲಿ ಉಳೀತಾರೆ.

*

ಹಾಗಾದರೆ ಮೈಸೂರಿನವರಿಗೆ ತಳಿ ಗೊತ್ತಿರಲಿಲ್ವಾ? ಗೊತ್ತಿತ್ತು. ನಾವು ತಪ್ಪು ಪ್ರಾಣಿಯನ್ನ ನೋಡ್ತಿದ್ದೀವಿ ಅಷ್ಟೇ.

ಲಂಡನ್‌ನಲ್ಲಿ ಸ್ಟಡ್ ಬುಕ್ ಬಂದ ಅದೇ 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ದೊಡ್ಡ ದೊಡ್ಡ ತೋಪು ಎಳೆಸಿಕೊಂಡು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಅರಕೆರೆ ಹತ್ತಿರದ ಲಡಾಯಿ ಗೆದ್ದ. ಆದರೂ ಪಟ್ಟಣ ಮುಟ್ಟೋಕಾಗಲಿಲ್ಲ. ಮಳೆ ಹಿಡಿಯಿತು, ದನಕ್ಕೆ ರೋಗ ಬಡಿಯಿತು, ಮೇವಿಲ್ಲ. ತೋಪು ಎಳೆಯೋ ಎತ್ತುಗಳು ಸಾವಿರಗಟ್ಟಲೆ ಸತ್ತವು. ಕೊನೆಗೆ ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ತೋಪುಗಳನ್ನ ತಾನೇ ಒಡೆಸಿ ಹಿಂದಕ್ಕೆ ಹೋದ. ಆ ಕನ್ನಂಬಾಡಿ ಊರು ಈಗ ಕೆ.ಆರ್.ಎಸ್. ನೀರಿನ ಅಡಿ ಇದೆ.

ಅದೇ ಹೊತ್ತಿಗೆ ಟಿಪ್ಪುವಿನ ತೋಪುಗಳನ್ನ ಎಳೀತಿದ್ದದ್ದು ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅಂತ ಶುರುವಾದ ಇಲಾಖೆ ಅದು. ಅರಮನೆಗೆ ಹಾಲು ಬೆಣ್ಣೆ ಕೊಡೋದು ಮೊದಲ ಕೆಲಸ. ಹೈದರ್ ಅದೇ ದನವನ್ನ ಯುದ್ಧಕ್ಕೆ ಹೂಡಿದ, ಟಿಪ್ಪು ‘ಅಮೃತಮಹಲ್’ ಅಂತ ಹೆಸರಿಟ್ಟು ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ದನಗಳ ಹಾಜರಿ, ಹೋರಿಕರುಗಳನ್ನ ಪಳಗಿಸೋ ಕ್ರಮ, ಊರೂರಿಗೆ ಕಾವಲು ಹುಲ್ಲುಗಾವಲು, ಎಲ್ಲಕ್ಕೂ ವ್ಯವಸ್ಥೆ ಇತ್ತು. 1781ರಲ್ಲಿ ಚಿದಂಬರಕ್ಕೆ ನೆರವಿಗೆ ಹೋಗುವಾಗ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದ ಅಂತ ಗೆಜೆಟಿಯರ್‌ನಲ್ಲಿದೆ. ಕೀರ್ತಿ ಕೊಟ್ಟಿರೋದು ಎತ್ತುಗಳಿಗೆ.

1799ರ ನಂತರ ಬ್ರಿಟಿಷರು ಕೋಟೆಗಿಂತ ಜೋಪಾನವಾಗಿ ಇಟ್ಟುಕೊಂಡದ್ದು ಈ ದನಗಳನ್ನ. 1813ರಲ್ಲಿ ಮದರಾಸು ಸೈನ್ಯದ ಹಾರ್ವೆ ಎಂಬ ಅಧಿಕಾರಿ ಇಲಾಖೆ ವಹಿಸಿಕೊಂಡ. ಟಿಪ್ಪುವಿನ ಕಟ್ಟಳೆಗಳನ್ನೇ ಅವರೂ ಪಾಲಿಸಿದರು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಮದರಾಸಿನ ಗವರ್ನರ್ ಟ್ರೆವೆಲಿಯನ್ ಹಿಂಡು ಹಿಂಡೇ ಮಾರಿಸಿದ. ಆರೇ ವರ್ಷಕ್ಕೆ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟೋಕೆ ಹೊರಟರು. ಹೇಗೆ ಕಟ್ಟಿದರು? ಇಲಾಖೆಯ ಹಿಂಡು ಚದುರಿ ಹೋಗಿದ್ದರೂ ರೈತರ ಕೊಟ್ಟಿಗೆಯಲ್ಲಿ ತಳಿ ಉಳಿದಿತ್ತು. ಸರ್ಕಾರ ಕಳೆದದ್ದನ್ನ ಊರುಗಳು ಇಟ್ಟುಕೊಂಡಿದ್ದವು.

ಅಮೃತಮಹಲ್‌ನ ಮೂಲದಲ್ಲಿ ಮುಖ್ಯವಾದದ್ದು ಹಳ್ಳಿಕಾರ್. ಹಳ್ಳಿಕಾರ್‌ಗೆ ತವರು ನಾಗಮಂಗಲ, ಕುಣಿಗಲ್, ಗುಬ್ಬಿ ಸೀಮೆ. ಅಂದರೆ ನಮ್ಮ ಕೊಟ್ಟಿಗೆ.

ನಮ್ಮ ತಾತನಿಗೆ ಓದು ಬರುತ್ತಿರಲಿಲ್ಲ. ಆದರೆ ಕಟ್ಟಿದ್ದ ಜೋಡಿಯ ಬಗ್ಗೆ ಕೇಳಿದರೆ ಶುರು ಮಾಡ್ತಿದ್ರು: “ಇವ್ನ ತಾಯಿ ಹೇಮಗಿರಿ ಜಾತ್ರೇಲಿ ತಂದದ್ದು ಕಣ್ ಮಗ. ಅದರ ತಾಯಿ ಬೇಬಿ ಬೆಟ್ಟದ ಜಾತ್ರೇದು. ಹೋರಿ ಕೊಡಿಸಿದ್ದು ಬೆಳ್ಳೂರು ಕಡೆ. ಆ ಹೋರಿಗೂ ಹಣೇಲಿ ಇದೇ ಸುಳಿ.” ನಾಲ್ಕು ತಲೆಮಾರು ಒಂದೇ ಉಸಿರಿಗೆ. ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ, ಗೊರಸು ನೋಡಿ ನಡಿಗೆ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ, ಪಾಂಡವಪುರದ ಬೇಬಿ ಬೆಟ್ಟ, ಈ ಜಾತ್ರೆಗಳೇ ನಮ್ಮ ಸ್ಟಡ್ ಬುಕ್ ಆಗಿದ್ದವು. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡೋ ಮುಂಚೆ ಈ ವಂಶಾವಳಿ ಎಲ್ಲ ಬಾಯಲ್ಲೇ ಒಪ್ಪಿಸಬೇಕಿತ್ತು. ಸುಳ್ಳು ಹೇಳಿದರೆ ಮುಂದಿನ ಜಾತ್ರೇಲಿ ತಲೆ ಎತ್ತೋ ಹಾಗಿಲ್ಲ.

ತಾತ ಹೋಗಿ ಒಂಬತ್ತು ವರ್ಷ. ಈಗ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಒಂದು ಸೀಮೆಹಸು ಇದೆ.

*

ಕೊನೆಗೆ ಮತ್ತೆ ಕುಣಿಗಲ್ಲಿಗೆ ಬರ್ತೀನಿ, ಯಾಕಂದರೆ ಆ ಶನಿವಾರ ರಾತ್ರಿ ಕಂಡ ಇನ್ನೊಂದು ವಿಷಯ ಹೇಳಿಲ್ಲ.

ಕುಣಿಗಲ್ ಸ್ಟಡ್ 1992ರಲ್ಲಿ ಗುತ್ತಿಗೆಯ ಮೇಲೆ ಖಾಸಗಿ ಕೈಗೆ ಹೋಯಿತು. ಅಲ್ಲಿಗೆ ಬಂದ ಬೀಜದ ಕುದುರೆಗಳಲ್ಲಿ ಹೆಸರಾದದ್ದು ಪ್ಲೇಸರ್‌ವಿಲ್. 1990ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, 1993ರಲ್ಲಿ ಇಂಗ್ಲೆಂಡಿನ ರಾಯಲ್ ಆ್ಯಸ್ಕಟ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಸ್ಟೇಕ್ಸ್ ಗೆದ್ದದ್ದು. ಅದರ ವಂಶಾವಳಿ ಹಿಡಿದು ಹಿಂದಕ್ಕೆ ಹೋದೆ. ಅಪ್ಪ ಮಿಸ್ಟರ್ ಪ್ರಾಸ್ಪೆಕ್ಟರ್. ಅವನ ತಾಯಿ ಗೋಲ್ಡ್ ಡಿಗ್ಗರ್. ಅವಳಪ್ಪ ನ್ಯಾಷುವಾ. ಅವನ ತಾಯಿ ಸೆಗುಲಾ. ಅವಳಪ್ಪ ಜಾನ್ಸ್‌ಟೌನ್. ಅವನ ತಾಯಿ ಲಾ ಫ್ರಾನ್ಸ್. ಅವಳ ತಾಯಿ ಫ್ಲಾಂಬೆಟ್. ಅವಳಪ್ಪ, ಪುಸ್ತಕಕ್ಕೆ ಸೇರಿಸದ ಆ ದರ್ಬಾರ್. ದರ್ಬಾರ್‌ನ ತಾಯಿ ಆರ್ಮೀನಿಯಾ. ಅವಳ ತಾಯಿ ಯುರೇನಿಯಾ. ಅವಳಪ್ಪ ಹ್ಯಾನೋವರ್. ಅವನಪ್ಪನ ಹೆಸರು ಹಿಂದೂ, 1881ರ ಕೆಂಟಕಿ ಡರ್ಬಿ ಗೆದ್ದವನು. ಅವನ ತಾಯಿ ಫ್ಲಾರೆನ್ಸ್. ಅವಳಪ್ಪ ಲೆಕ್ಸಿಂಗ್‌ಟನ್. ಆಮೇಲೆ ಬಾಸ್ಟನ್, ಟಿಮೋಲಿಯನ್, ಸರ್ ಆರ್ಚಿ. 18ನೇ ತಲೆಮಾರಿಗೆ ಡಯೋಮೆಡ್.

50 ಗಿನಿಗೆ ಮಾರಿದ ಆ ಮುದಿ ಕುದುರೆಯ ರಕ್ತ ಇನ್ನೂರು ವರ್ಷ ಸುತ್ತಿ, ಟಿಪ್ಪುವಿನ ಕುದುರೆಗಳು ಮೇಯ್ದ ನೆಲಕ್ಕೇ ಬಂದು ನಿಂತಿತ್ತು. ನಾನು ಸೋಫಾದ ಮೇಲೆ ಕೂತು ಒಂದೇ ರಾತ್ರಿಯಲ್ಲಿ ಅದನ್ನ ಹಿಂಬಾಲಿಸಿದ್ದೆ. ಅದೇ ನೆಲದ ಮೇಲೆ ಇದ್ದ ನಮ್ಮ ಕುದುರೆಗಳ ಒಂದು ತಲೆಮಾರನ್ನೂ ಹಿಂಬಾಲಿಸೋಕೆ ಆಗಲಿಲ್ಲ.

ಕುಣಿಗಲ್ ಸ್ಟಡ್‌ನ 400 ಎಕರೆಗೂ ಮೀರಿದ ಆ ಜಾಗದಲ್ಲಿ ಟೌನ್‌ಶಿಪ್ ಮಾಡೋ ಮಾತು 2024ರಲ್ಲಿ ಸುದ್ದಿಯಾಯಿತು. ಅತ್ತ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಗಿ ವರ್ಷಗಳೇ ಆದವು. ಅಭಿವೃದ್ಧಿ ಬೇಡ ಅಂತ ಹೇಳೋ ಹಕ್ಕು, ಆ ಬೈಪಾಸ್‌ನಲ್ಲೇ ನೂರರ ಮೇಲೆ ಗಾಡಿ ಓಡಿಸೋ ನನಗಿಲ್ಲ. ನನ್ನ ಸಂಕಟ ಬೇರೆ. ನೆಲ ಕೈ ಬದಲಾಯಿಸಿದಾಗ ಅಲ್ಲಿ ಏನಿತ್ತು ಅನ್ನೋ ಒಂದು ಪಟ್ಟಿಯನ್ನೂ ನಾವು ಇಟ್ಟುಕೊಳ್ಳಲ್ಲ. ಮುಂದೆ ಯಾರಾದರೂ ಕೇಳಿದರೆ ನಾನು ಕೇಳಿದ ಹಾಗೇ ಕೇಳಿ, ನನಗೆ ಸಿಕ್ಕಿದಷ್ಟೇ ಅವರಿಗೂ ಸಿಗುತ್ತೆ.

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತೆ. ತಾತ ಕೊನೆಯದಾಗಿ ಕಟ್ಟಿದ್ದ ಜೋಡಿಯ ಬಗ್ಗೆ ಕೇಳಿದೆ. “ಬಲಗೋಲಿಂದು ತಾಯಿ ಹೇಮಗಿರೀದು,” ಅಂದ್ರು. ಅದರ ತಾಯಿ? ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. “ಅಪ್ಪಂಗೆ ಗೊತ್ತಿತ್ತು ಕಣಪ್ಪ.” ಎರಡು ತಲೆಮಾರು. ಅಷ್ಟನ್ನ ತಾರೀಖು ಹಾಕಿ ಬರೆದುಕೊಂಡೆ.